ಬಾಗಿಲು ಹಾಕಿಕೊಳ್ಳುವ ಮಗ

ಪ್ರಶ್ನೆ: ಮಗನಿಗೆ 15 ವರ್ಷ. ಮೊದಲು ಶಾಲೆಯಿಂದ ಬಂದವನೇ ಅಡುಗೆಮನೆ ಕಟ್ಟೆ ಮೇಲೆ ಕೂತು ಎಲ್ಲ ಹೇಳುತ್ತಿದ್ದ. ಈಗ ಬಾಗಿಲು ಹಾಕಿಕೊಳ್ಳುತ್ತಾನೆ. ರಾತ್ರಿ 12ರವರೆಗೆ ಮೊಬೈಲ್. ಕೇಳಿದರೆ ‘ನಿಮಗೇನೂ ಗೊತ್ತಾಗಲ್ಲ’ ಅಂತಾನೆ. ಮೊನ್ನೆ ಅವರಪ್ಪ ಕೈ ಎತ್ತಿದರು. ಏನು ಮಾಡಲಿ?
– ಓದುಗಿ, ಸಿಂಧನೂರು

ಉತ್ತರ: ಮೊದಲು ಆ ಕೈ ಕೆಳಗಿಳಿಯಲಿ. ಹೊಡೆದರೆ ಚಿಲಕ ಇನ್ನೂ ಗಟ್ಟಿಯಾಗುತ್ತದೆ, ಅಷ್ಟೇ.

ಈ ವಯಸ್ಸಿನಲ್ಲಿ ಮಿದುಳಿನಲ್ಲಿ ಸಿಟ್ಟು, ಆಸೆ, ಹುರುಪಿನ ಭಾಗ ಬೇಗ ಚುರುಕಾಗುತ್ತದೆ, ಆದರೆ ತಡೆದು ಯೋಚಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು 25ರ ಸುಮಾರಿಗೆ. ಕಾಲುವೆಗೆ ನೀರು ಬಿಟ್ಟಾಗಿದೆ, ತೂಬಿಗೆ ಬಾಗಿಲು ಇನ್ನೂ ಕೂಡಿಸಿಲ್ಲ. ಕಾಲುವೆ ನೀರಿನ ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ನಿದ್ದೆಯದೂ ಅಷ್ಟೇ. ನಿದ್ದೆ ತರಿಸುವ ಮೆಲಟೋನಿನ್ ಹರೆಯದಲ್ಲಿ ತಡವಾಗಿ ಬರುತ್ತದೆ, ಅದು ಸೋಮಾರಿತನ ಅಲ್ಲ. ಮೊಬೈಲ್ ಆ ತಡವನ್ನು ಇನ್ನೂ ಜಾಸ್ತಿ ಮಾಡುತ್ತದೆ. ಅವನಿಗೆ 8ರಿಂದ 10 ತಾಸು ನಿದ್ದೆ ಬೇಕು. ರಾತ್ರಿ ಮನೆಯ ಎಲ್ಲ ಫೋನೂ ಪಡಸಾಲೆಯಲ್ಲೇ ಚಾರ್ಜ್ ಆಗಲಿ. ಎಲ್ಲ ಅಂದರೆ ಅವರಪ್ಪಂದೂ!

ಎದುರು ಕೂರಿಸಿ ವಿಚಾರಣೆ ಬೇಡ. ಭಾನುವಾರ ಅಪ್ಪ-ಮಗ ಬೈಕಿನಲ್ಲಿ ಹೋಗಿ ಒಗ್ಗರಣೆ-ಮಿರ್ಚಿ ತಿಂದು ಬರಲಿ, ಮಾರ್ಕ್ಸ್ ಮಾತು ಎತ್ತದೆ. ಮುಖ ನೋಡದೆ ಕೂತಾಗ ಹುಡುಗರು ಸುಮ್ನೆ ಬಾಯಿ ಬಿಡುತ್ತಾರೆ.

ಆದರೆ ಎರಡು ವಾರದಿಂದ ಊಟ, ಆಟ, ಗೆಳೆಯರು ಎಲ್ಲ ಬಿಟ್ಟಿದ್ದರೆ ಅಥವಾ ‘ನಾನು ಇರಲೇಬಾರದು’ ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.