ಆಲ್ಟೋಗೆ ಏರ್ ಹಾರ್ನ್ ತರಿಸೋ ಮುಂಚೆ ಒಂದ್ಸಲ ಬಾನೆಟ್ ಎತ್ತಿ ನೋಡಿ

ಗೌಡ್ರೇ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದ್ದೆ. ತೋಟಕ್ಕೆ ಔಷಧಿ ಹೊಡೆಸೋ ಗಡಿಬಿಡಿ, ಈಗ ಕೂತೆ. 2012ರ ಆಲ್ಟೋ, ತಿಂಗಳಿಗೆ ಎರಡು ಸಲ ಅಮ್ಮನ್ನ ಮಣಿಪಾಲ ಆಸ್ಪತ್ರೆಗೆ ಕರ್ಕೊಂಡು ಆಗುಂಬೆ ಘಾಟಿ ಇಳೀತೀರಿ, ತಿರುವಿನಲ್ಲಿ ಎದುರಿನ ಬಸ್ಸಿನವರಿಗೆ ನಿಮ್ಮ ಹಾರ್ನ್ ಕೇಳ್ತಿಲ್ಲ, ಅದಕ್ಕೆ ಎರಡು ಪೀಪಿಯ ಏರ್ ಹಾರ್ನ್ ಹಾಕ್ಸೋದಾ ಅಂತ ಕೇಳಿದೀರಿ. ಕೆಳಗೆ ಮೂರ್ನಾಲ್ಕು ಜನ "ಹಾಕ್ಸಿ ಗೌಡ್ರೇ, ಬಸ್ ತರಾನೇ ಬರುತ್ತೆ" ಅಂದಿದಾರೆ. ನಾನು ಹಾಕ್ಸಿ ತೆಗೆಸಿದವನು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮೊದಲಿಗೆ, ಬಸ್ ತರ ಬರಲ್ಲ. ಬಸ್ಸು, ಲಾರಿಗೆ ಏರ್ ಬ್ರೇಕ್ ಇರುತ್ತೆ. ಟ್ಯಾಂಕಿನಲ್ಲಿ ಗಾಳಿ ಒತ್ತಡದಲ್ಲಿ ತುಂಬ್ಕೊಂಡೇ ಇರೋದ್ರಿಂದ ಡ್ರೈವರ್ ಮುಟ್ಟಿದ ಕೂಡ್ಲೇ ಪೀಪಿಗೆ ನುಗ್ಗುತ್ತೆ. ನಮ್ಮ ಕಾರಿನಲ್ಲಿ ಆ ಟ್ಯಾಂಕ್ ಎಲ್ಲಿದೆ? ಕಿಟ್ಟಿನ ಜೊತೆ ಮುಷ್ಟಿ ಗಾತ್ರದ ಒಂದು ಕಂಪ್ರೆಸರ್ ಕೊಡ್ತಾರೆ. ನೀವು ಒತ್ತಿದ ಮೇಲೆ ಅದರ ಮೋಟರ್ ತಿರುಗಬೇಕು, ಗಾಳಿ ಪೈಪಿನಲ್ಲಿ ಹೋಗಬೇಕು, ಪೀಪಿಯ ಬುಡದ ತೆಳು ತಗಡು ಅದುರಬೇಕು, ಆಮೇಲೆ ಸದ್ದು. ಅರ್ಧ ಕ್ಷಣದ ತಡ ಅಂತಿಟ್ಕೊಳ್ಳಿ. ಹೈವೇಲಿ ಅದು ಲೆಕ್ಕಕ್ಕೇ ಬರಲ್ಲ. ಆದ್ರೆ ಘಾಟಿಯಲ್ಲಿ ನಾವು ಹಾರ್ನ್ ಬಳಸೋದೇ ಬೇರೆ ತರ, ತಿರುವಿಗೆ ಮುಂಚೆ ಟಪ್ ಟಪ್ ಅಂತ ಎರಡು ಸಲ ಮುಟ್ಟಿ ಬಿಡ್ತೀವಿ. ಏರ್ ಹಾರ್ನಿನಲ್ಲಿ ಹಾಗೆ ಮುಟ್ಟಿದ್ರೆ "ಪುಸ್" ಅನ್ನುತ್ತೆ, ಅಷ್ಟೇ. ಹುಲಿಕಲ್ ಘಾಟಿಯಲ್ಲಿ ಮೊದಲನೇ ದಿನವೇ ಎದುರಿಗೆ ಬಂದ ಟೆಂಪೋದವನು ಕಿಟಕಿ ಇಳಿಸಿ ನನ್ನ ಟಯರ್ ಕಡೆ ಬಗ್ಗಿ ನೋಡಿದ್ದ, ಪಂಚರ್ ಆಯ್ತೇನೋ ಅಂತ.

ಎರಡನೇದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತೆ, ಇದು ನಿಮಗೆ ಹೇಳಬೇಕಿಲ್ಲ. ಮೆಕ್ಯಾನಿಕ್ ಹುಡುಗ ಜಾಗ ಕಂಡಲ್ಲಿ ಕಂಪ್ರೆಸರ್ ಕೂರಿಸಿದ್ದ, ಬಂಪರಿನ ಹಿಂದೆ, ಕೆಳಗೆ. ಜುಲೈ ಮುಗಿಯೋದ್ರೊಳಗೆ ನೀರು ಕುಡಿದು ಮೋಟರ್ ಹಿಡ್ಕೊಂಡಿತ್ತು. ಒಣಗಿಸಿ, ಎಣ್ಣೆ ಬಿಟ್ಟು ಮತ್ತೆ ಓಡಿಸಿದೆ. ಮಳೆಗಾಲ ಕಳೆದ ಮೇಲೆ ಒಂದಿನ ಕಂಪ್ರೆಸರ್ ಓಡೋ ಸದ್ದು ಬರುತ್ತೆ, ಒಂದು ಪೀಪಿ ಮಾತ್ರ ಸುಮ್ಮನಿದೆ. ಬಿಚ್ಚಿ ಕಡ್ಡಿ ಹಾಕಿ ಕೆರೆದ್ರೆ ಒಳಗಿಂದ ಉಂಡೆ ಉಂಡೆ ಕೆಮ್ಮಣ್ಣು, ಅದರೊಳಗೆ ಹಸಿರು ಹುಳ. ಕುಂಬಾರ ಹುಳ ಗೂಡು ಕಟ್ಟಿ ಮರಿಗೆ ಬುತ್ತಿ ಇಟ್ಟು ಹೋಗಿತ್ತು! ಅವತ್ತೇ ತೆಗೆಸಿಬಿಟ್ಟೆ.

ಈಗ ನಿಮ್ಮ ಗಾಡಿ ವಿಷಯ. ಬಾನೆಟ್ ಎತ್ತಿ ಮುಂದಿನ ಗ್ರಿಲ್ ಹಿಂದೆ ನೋಡಿ. ಒಂದೇ ಒಂದು ಬಟ್ಟಲಿನಂಥ ಹಾರ್ನ್, ತುಕ್ಕು ಹಿಡಿದದ್ದು ಇದ್ರೆ ಅರ್ಧ ಉತ್ತರ ಅಲ್ಲೇ ಸಿಕ್ತು. ಒಬ್ಬರಿಗೆ ಹಾರ್ನ್ ಒತ್ತೋಕೆ ಹೇಳಿ, ಅದು ಕೂಗ್ತಿರುವಾಗಲೇ ಅದರ ಎರಡು ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡೀರಿ. ಎಂಜಿನ್ ಆಫ್ ಇದ್ದಾಗ ಹನ್ನೊಂದೂವರೆ ವೋಲ್ಟ್ ಮೇಲಿದ್ರೆ ವೈರ್ ಸರಿ ಇದೆ. ಒಂಬತ್ತು ಹತ್ತಕ್ಕೆ ಬಿದ್ರೆ ಹಾರ್ನಿನ ತಪ್ಪಲ್ಲ, ಕರೆಂಟೇ ಮುಟ್ತಿಲ್ಲ. ಹೆಚ್ಚಿನ ಸಲ ಅರ್ತ್ ಹಾಳಾಗಿರುತ್ತೆ. ಬೋಲ್ಟ್ ಬಿಚ್ಚಿ, ಬಾಡಿ ತಗಡಿನ ಪೇಂಟು, ತುಕ್ಕು ಮರಳು ಕಾಗದದಲ್ಲಿ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಹಾರ್ನಿನ ಬೆನ್ನಿಗೊಂದು ಸಣ್ಣ ಸ್ಕ್ರೂ ಇರುತ್ತಲ್ಲ, ಅದನ್ನ ಕಾಲು ಸುತ್ತಿಗಿಂತ ಕಮ್ಮಿ ಆಚೆ ಈಚೆ ತಿರುಗಿಸಿ ನೋಡಿದ್ರೆ ಎಷ್ಟೋ ಸಲ ಸತ್ತ ಹಾರ್ನ್ ಎದ್ದು ಕೂರುತ್ತೆ.

ಅಷ್ಟಾಗಿಯೂ ಸಾಲದು ಅನ್ಸಿದ್ರೆ ವಿಂಡ್‌ಟೋನ್ ಹಾರ್ನ್ ಜೋಡಿ ತಗೊಳ್ಳಿ. ಶಂಖದ ಹುಳುವಿನ ಚಿಪ್ಪಿನ ತರ ಸುತ್ತಿಕೊಂಡಿರುತ್ತಲ್ಲ, ಅದು. ಒಂದು ಹೈ, ಒಂದು ಲೋ, ಎರಡೂ ಒಟ್ಟಿಗೇ ಕೂಗ್ತವೆ. ಕೀರಲು ದನಿಗಿಂತ ದಪ್ಪ ದನಿ ತಿರುವನ್ನ ಬಳಸಿಕೊಂಡು ಆಚೆಗೆ ಚೆನ್ನಾಗಿ ಮುಟ್ಟುತ್ತೆ, ಹಾಗಾಗಿ ಲೋ ಹಾರ್ನ್ ಬಿಡಬೇಡಿ. ಡಬ್ಬದ ಮೇಲಿನ ಡೆಸಿಬೆಲ್ ನಂಬಬೇಡಿ, ಎಷ್ಟು ದೂರದಿಂದ ಅಳೆದದ್ದು ಅಂತ ಬರೆಯದೇ ಇದ್ರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ದೂರ ಎರಡರಷ್ಟಾದ್ರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ.

ವೈರಿಂಗ್ ಕೇಳಿದ್ರಲ್ಲ. ವಿಂಡ್‌ಟೋನ್ ಆಗ್ಲಿ, ಹಠ ಮಾಡಿ ಏರ್ ಹಾರ್ನೇ ಆಗ್ಲಿ, ಹಳೇ ವೈರಿಗೆ ನೇರ ಸಿಕ್ಕಿಸೋದು ಬೇಡ. ಬಟ್ಟಲು ಹಾರ್ನ್ ನಾಲ್ಕೈದು ಆಂಪ್ ಎಳೆದ್ರೆ ಕಂಪ್ರೆಸರ್ ಹದಿನೈದು ಇಪ್ಪತ್ತು ಎಳೆಯುತ್ತೆ. ಸ್ಟೇರಿಂಗಿನ ಸ್ವಿಚ್ಚೂ ಸುಡುತ್ತೆ, ವೈರೂ ಸುಡುತ್ತೆ. ಬ್ಯಾಟರಿ ಮೈನಸ್ ಬಿಚ್ಚಿಟ್ಟು ಶುರು ಮಾಡಿ. 30 ಆಂಪಿನ ನಾಲ್ಕು ಕಾಲಿನ ರಿಲೇ ಬೇಕು, ಅಂದ್ರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್ ಡಬ್ಬಿ. ಕಾಲಿನ ಪಕ್ಕ 30, 85, 86, 87 ಅಂತ ಸಣ್ಣಕ್ಕೆ ಬರೆದಿರುತ್ತೆ. ಬ್ಯಾಟರಿ ಪ್ಲಸ್ಸಿನಿಂದ 30ಕ್ಕೆ ದಪ್ಪ ವೈರ್, 2.5 ಎಂ.ಎಂ.ಗೆ ಕಮ್ಮಿ ಬೇಡ. 87ರಿಂದ ಹಾರ್ನಿನ ಪ್ಲಸ್, ಹಾರ್ನಿನ ಮೈನಸ್ ತಿಕ್ಕಿದ ಬಾಡಿಗೆ. ಹಳೇ ಹಾರ್ನಿನಿಂದ ಕಿತ್ತ ಎರಡು ವೈರ್ 85, 86ಕ್ಕೆ. ಒಂದೇ ವೈರ್ ಇದ್ರೆ ಅದು 86ಕ್ಕೆ, 85 ಬಾಡಿಗೆ. ಫ್ಯೂಸ್ ಬ್ಯಾಟರಿಯಿಂದ ಗೇಣು ದೂರದೊಳಗೆ ಇರಲಿ. ರಿಲೇ ಹತ್ರ ಇಟ್ರೆ ನಡುವಿನ ವೈರನ್ನ ಇಲಿ ಕಡಿದಾಗ ಕಾಯೋರು ಯಾರು? ವಿಂಡ್‌ಟೋನ್ ಜೋಡಿಗೆ 15 ಆಂಪ್ ಸಾಕು. ರಿಲೇಯ ಕಾಲು ಕೆಳಗೆ ಮಾಡಿ ಕೂರಿಸಿ, ನೀರು ನಿಲ್ಲಲ್ಲ. ಹಾರ್ನಿನ ಬಾಯಿ ಮುಂದಕ್ಕೆ, ಒಂಚೂರು ನೆಲದ ಕಡೆ. ಕಂಪ್ರೆಸರ್ ಇದ್ರೆ ಎತ್ತರದಲ್ಲಿ, ನೆಟ್ಟಗೆ, ಪೈಪ್ ಆದಷ್ಟು ಗಿಡ್ಡ.

ಕಾನೂನು ಯಾರೂ ಎತ್ತಿಲ್ಲ, ಹೇಳಿಬಿಡ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮ 119ರ ಪ್ರಕಾರ ಒಂದಾದ ಮೇಲೊಂದು ಸ್ವರ ಬರೋ ಹಾರ್ನ್, ವಿಪರೀತ ಕರ್ಕಶವಾದ, ಬೆಚ್ಚಿಬೀಳಿಸೋ ಹಾರ್ನ್ ಗಾಡಿಗೆ ಹಾಕೋ ಹಾಗೇ ಇಲ್ಲ. ಬೇರೆ ಸ್ವಿಚ್ ಇಟ್ಟು "ಘಾಟಿಯಲ್ಲಿ ಮಾತ್ರ ಒತ್ತೀನಿ" ಅಂದ್ರೂ ನಡೆಯಲ್ಲ, ಹಾಕಿದ್ದೇ ತಪ್ಪು. ಸದ್ದಿನ ನಿಯಮ ಮುರಿದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಂತಿದೆ. ಸುಮ್ಮನೆ ಹಾರ್ನ್ ಬಾರಿಸಿದ್ರೆ ಸೆಕ್ಷನ್ 194ಎಫ್, 2019ರ ತಿದ್ದುಪಡಿಯಲ್ಲಿ ಮೊದಲ ಸಲಕ್ಕೆ 1,000 ರೂಪಾಯಿ ದಂಡ ಅಂತ ಇಟ್ಟಿದ್ರು. ನೀವು ಹೋಗೋದೇ ಆಸ್ಪತ್ರೆಗೆ. ಅಲ್ಲಿ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

ಇನ್ನೊಂದು, ಮಳೆಗಾಲದಲ್ಲಿ ಆಗುಂಬೆಯ ಬಸ್ಸಿನವನು ಗಾಜೆಲ್ಲಾ ಏರಿಸಿ, ವೈಪರ್ ಜೋರಾಗಿ ಹಾಕ್ಕೊಂಡು ಒಳಗೆ ಹಾಡು ಕೇಳ್ತಿರ್ತಾನೆ. ಹಗಲಾದ್ರೂ ಹೆಡ್‌ಲೈಟ್ ಹಾಕ್ಕೊಂಡೇ ಇಳೀರಿ, ತಿರುವಿನಲ್ಲಿ ಡಿಮ್ ಡಿಪ್ ಮಾಡಿ. ಹತ್ತೋ ಗಾಡಿಗೆ ದಾರಿ ಬಿಡಬೇಕಾದವರು ಇಳಿಯೋ ನಾವೇ. ಮೇಲೆ ಯಾರೋ ದನಕ್ಕೂ ಉಪಯೋಗ ಆಗುತ್ತೆ ಅಂದಿದಾರೆ. ಮಾರಾಯ್ರೇ, ನಮ್ಮ ಮಲೆನಾಡು ಗಿಡ್ಡ ತಳಿಯ ದನ ಯಾವ ಹಾರ್ನಿಗೆ ಎದ್ದಿದೆ ಹೇಳಿ?

ವೋಲ್ಟ್ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಹಾರ್ನಿನ ಹಿಂಭಾಗದ ಒಂದು ಫೋಟೋನೂ ಇರಲಿ. ಕಿಟ್ ಆಗಲೇ ಆರ್ಡರ್ ಮಾಡಿದ್ರೆ ವಾಪಸ್ ಕಳಿಸೋ ದಿನ ಮೀರೋ ಮುಂಚೆ ಹೇಳಿ.