ಗಾರ್ಸಿಯಾ ಅಂತ ಹೆಸರಿದ್ದರೆ ಸ್ಪೇನ್ ಮೂಲವೇ?

ಫಿಲಿಪ್ಪೀನ್ಸ್‌ನ ಮನೀಲಾದಲ್ಲಿರುವ ನಿಮ್ಮ ಸಹೋದ್ಯೋಗಿಯ ಅಡ್ಡಹೆಸರು ಗಾರ್ಸಿಯಾ, ಹಾಗಾದರೆ ಅವರ ಪೂರ್ವಜರು ಸ್ಪೇನಿನವರಾ ಅಂತ ಕೇಳಿದ್ದೀರಿ. ಬರೀ ಹೆಸರು ನೋಡಿ ಹಾಗೆ ಹೇಳಲು ಆಗುವುದಿಲ್ಲ.

ಫಿಲಿಪ್ಪೀನ್ಸ್ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು. 1849ರಲ್ಲಿ ಅಲ್ಲಿನ ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಒಂದು ಆದೇಶ ಹೊರಡಿಸಿದರು. ತೆರಿಗೆ ವಸೂಲಿಗೆ, ಜನರ ಲೆಕ್ಕಕ್ಕೆ ಪ್ರತಿ ಮನೆತನಕ್ಕೂ ಕಾಯಂ ಅಡ್ಡಹೆಸರು ಬೇಕಿತ್ತು. ಅಕ್ಷರ ಕ್ರಮದಲ್ಲಿ ಹೆಚ್ಚಾಗಿ ಸ್ಪ್ಯಾನಿಷ್ ಹೆಸರು ತುಂಬಿದ್ದ ದಪ್ಪ ಪುಸ್ತಕದ ಹಾಳೆಗಳನ್ನು ಊರೂರಿಗೆ ಹಂಚಿದರು, ಊರಿನವರಿಗೆ ಅದರಿಂದಲೇ ಅಡ್ಡಹೆಸರು ಬಂತು. ಅದಕ್ಕೇ ಆಲ್ಬಾಯ್ ಪ್ರಾಂತ್ಯದ ಓಆಸ್ ಊರಲ್ಲಿ ಇವತ್ತಿಗೂ ‘ಆರ್’ ಅಕ್ಷರದ ಅಡ್ಡಹೆಸರುಗಳೇ ಜಾಸ್ತಿ.

ಸ್ಪೇನ್ ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದರೂ ಅಲ್ಲಿ ನೆಲೆಸಿದ ಸ್ಪೇನಿನವರು ತೀರಾ ಕಡಿಮೆ. ಅಲ್ಲಿನ ಭಾಷೆಯಾದ ಟಗಾಲೋಗ್ ಮಾತು ಕೇಳಿ: ಕಿಟಕಿಗೆ ‘ಬಿಂತಾನಾ’, ಇದು ಸ್ಪ್ಯಾನಿಷ್ ಪದ. ಆದರೆ ಮೇಷ್ಟ್ರಿಗೆ ‘ಗುರೊ’, ಮುಖಕ್ಕೆ ‘ಮುಕ್‌ಹಾ’! ನಮ್ಮ ಮಾತೇ ಅಲ್ವಾ? ಇವು ಸಂಸ್ಕೃತದಿಂದ ಹೋದವು. ನನಗಂತೂ ಮೊದಲು ಕೇಳಿದಾಗ ಮೈ ಜುಮ್ಮೆಂದಿತ್ತು.