ಮೂರನೇ ದಿನಕ್ಕೆ ಮತ್ತೆ ಬೀಡಿ

ಪ್ರಶ್ನೆ: ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ದಿನಕ್ಕೆ ಒಂದು ಕಟ್ಟು ಬೀಡಿ ಬೇಕು, ಎದ್ದ ಕೂಡಲೇ ಮೊದಲನೆಯದು. ಬಿಟ್ಟರೆ ಮೂರನೇ ದಿನಕ್ಕೆ ತಲೆ ಸಿಡಿಯುತ್ತದೆ, ನಿದ್ದೆ ಇಲ್ಲ, ಮನೆಯವರ ಮೇಲೆ ರೇಗುತ್ತೇನೆ. 2 ಮಿ.ಗ್ರಾಂ. ನಿಕೋಟಿನ್ ಗಮ್ ತಂದೆ. ಗಂಟಲು ಉರಿದು ಬಿಕ್ಕಳಿಕೆ ಬಂತೇ ಹೊರತು ಚಟ ಅಡಗಲಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮಾಮೂಲಿ ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದಿದ್ದೀರಿ ಅನಿಸುತ್ತದೆ. ಹಾಗೆ ಮಾಡಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗಿಳಿಯುತ್ತದೆ. ಉರಿ, ಬಿಕ್ಕಳಿಕೆ ಅದರಿಂದಲೇ. ಅದು ರಕ್ತ ಸೇರಬೇಕಾದ್ದು ಕೆನ್ನೆಯ ಒಳಭಾಗದಿಂದ. ನಿಧಾನವಾಗಿ ಅಗಿಯಿರಿ. ಬಾಯಿ ಚುರುಗುಟ್ಟಿದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಒಂದು ನಿಮಿಷಕ್ಕೆ ಚುರುಕು ಇಳಿಯುತ್ತದೆ. ಆಗ ಮತ್ತೆ ಅಗಿದು ಇನ್ನೊಂದು ಕೆನ್ನೆಗೆ ಸರಿಸಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ಅದಕ್ಕೆ 15 ನಿಮಿಷ ಮೊದಲಿನಿಂದ ಚಹಾ, ಕಾಫಿ, ನಿಂಬೆ ಹಿಂಡಿದ ಮಂಡಕ್ಕಿ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 2 ಮಿ.ಗ್ರಾಂ. ಸಾಲದು. 4 ಮಿ.ಗ್ರಾಂ. ಬೇಕಾಗುತ್ತದೆ, ವೈದ್ಯರನ್ನು ಕಂಡು ಬರೆಸಿಕೊಳ್ಳಿ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಚಟ ಕೆರಳುವ ತನಕ ಕಾಯದೆ ಮೊದಲ 6 ವಾರ ಗಂಟೆಗೋ ಎರಡು ಗಂಟೆಗೋ ಒಂದು. ದಿನಕ್ಕೆ 24 ಮೀರಬಾರದು. ಆಮೇಲೆ ಅಂತರ ಹೆಚ್ಚಿಸುತ್ತ 12 ವಾರಕ್ಕೆ ನಿಲ್ಲಿಸಿ. ಸ್ವಲ್ಪ ಹಾಯೆನಿಸಿದ ಕೂಡಲೇ ಗಮ್ ಬಿಟ್ಟವರು ಬೀಡಿಗೆ ಮರಳುವುದೇ ಹೆಚ್ಚು.

ಮೂರನೇ ದಿನದ ಸಿಟ್ಟು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಅದಕ್ಕೆ ಒಗ್ಗಿದ ಮಿದುಳಿನ ಚಡಪಡಿಕೆ ಎರಡು, ಮೂರನೇ ದಿನ ತುದಿಗೇರಿ, 2ರಿಂದ 4 ವಾರದಲ್ಲಿ ತಣ್ಣಗಾಗುತ್ತದೆ. ಒಂದೊಂದು ಸಲದ ತುಡಿತ ಕೆಲವೇ ನಿಮಿಷದ್ದು: ನೀರು ಕುಡಿಯಿರಿ, ಭಟ್ಟಿಯಿಂದ ಹೊರಗೆ ನಾಲ್ಕು ಹೆಜ್ಜೆ ಹಾಕಿ. ಆ ಹೊತ್ತಿಗೆ ಗುಟ್ಕಾ ಮಾತ್ರ ಬೇಡವೇ ಬೇಡ, ಅದರಲ್ಲೂ ನಿಕೋಟಿನ್ನೇ ಇರುವುದು.

ನಿದ್ದೆಗೆಡಲು ಚಹಾವೂ ಕಾರಣ. ಹೊಗೆಯಲ್ಲಿನ ಟಾರ್‌ನಿಂದ ಸೇದುವವರ ದೇಹ ಕೆಫೀನನ್ನು ಬೇಗ ಕರಗಿಸುತ್ತದೆ. ಬೀಡಿ ನಿಂತ ಮೇಲೆ ಅಷ್ಟೇ ಚಹಾ ಕುಡಿದರೂ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಚಹಾ ಅರ್ಧಕ್ಕಿಳಿಸಿ. ಉಚಿತ ಸಹಾಯವಾಣಿ 1800-11-2356.

ಪ್ರಶ್ನೆ: ಪೂರ್ತಿ ಬಿಡದೆ ಸಿಗರೇಟನ್ನು ದಿನಕ್ಕೆ ಎರಡಕ್ಕೆ ಇಳಿಸಿದರೆ ಸಾಲದೇ?
– ಓದುಗರು, ಚಿತ್ರದುರ್ಗ

ಉತ್ತರ: ಸಾಲದು. ಕಡಿಮೆ ಸೇದುವವರು ಪ್ರತಿಯೊಂದನ್ನೂ ಆಳಕ್ಕೆಳೆಯುತ್ತಾರೆ. ದಿನಕ್ಕೆ ಒಂದೇ ಸೇದಿದರೂ ಹೃದ್ರೋಗದ ಹೆಚ್ಚುವರಿ ಅಪಾಯ ಇಪ್ಪತ್ತು ಸೇದುವವರದರ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ. ಇಳಿಸುವುದಾದರೆ ಪೂರ್ತಿ ಬಿಡುವ ತಾರೀಖನ್ನು ಗೊತ್ತುಮಾಡಿಕೊಂಡೇ ಇಳಿಸಿ.